ಅಲ್ಪಸಂಖ್ಯಾತರೆಂಬ ಚೀಟಿ ಸೀಟು ಕೊಡಿಸುತ್ತದೆಯೇ?

ಪ್ರಶ್ನೆ: ನಾವು ಚಿಕ್ಕೋಡಿ ಹತ್ತಿರದ ಹಳ್ಳಿಯವರು, ದಿಗಂಬರ ಜೈನರು. ಏಳು ಎಕರೆ ಕಬ್ಬು ಇದೆ. ಮಗ ದ್ವಿತೀಯ ಪಿಯು ಸೈನ್ಸ್‌ನಲ್ಲಿದ್ದಾನೆ, ಇಂಜಿನಿಯರಿಂಗ್ ಅಂತಿದ್ದಾನೆ. ಒಂದರಿಂದ ನಾಲ್ಕನೇ ಇಯತ್ತೆವರೆಗೆ ಮಹಾರಾಷ್ಟ್ರದ ಇಚಲಕರಂಜಿಯ ಸೋದರಮಾವನ ಮನೆಯಲ್ಲಿದ್ದು ಮರಾಠಿ ಶಾಲೆ ಕಲಿತ. ಐದರಿಂದ ನಮ್ಮೂರಲ್ಲೇ, ಕನ್ನಡ ಶಾಲೆ. ನಾವು ಅಲ್ಪಸಂಖ್ಯಾತರು ಅಂತ ಸರ್ಕಾರವೇ ಹೇಳಿದೆಯಲ್ಲ, ನಮಗೆ ಎಷ್ಟು ಸೀಟು ಮೀಸಲಿದೆ? ಮೈನಾರಿಟಿ ಸರ್ಟಿಫಿಕೇಟ್ ಮಾಡಿಸಿ ಮೈನಾರಿಟಿ ಕಾಲೇಜಿನಲ್ಲಿ ಸೀಟು ಕೊಡಿಸುತ್ತೇನೆ ಎಂದು ಏಜೆಂಟನೊಬ್ಬ ದುಡ್ಡು ಕೇಳುತ್ತಿದ್ದಾನೆ. ಟಿಸಿಯಲ್ಲಿ ‘ಹಿಂದೂ ಜೈನ’ ಎಂದಿದೆ, ಅಡ್ಡಿಯಾಗುತ್ತದೆಯೇ? ಕಲಬುರಗಿ ಕಡೆಯ ಬೀಗರ ಹುಡುಗನಿಗೆ ನಮ್ಮೂರ ಹುಡುಗನಿಗಿಂತ ಬಹಳ ಹಿಂದಿನ ರ‍್ಯಾಂಕಿಗೆ ಬೆಳಗಾವಿಯಲ್ಲೇ ಸೀಟು ಸಿಕ್ಕಿತು, ಅದು ಹೇಗೆ? ಅಮೆರಿಕದಲ್ಲಿರುವ ಅಣ್ಣನ ಮಗ, ಅಲ್ಲಿ ಜನಾಂಗ ನೋಡಿ ಸೀಟು ಕೊಡುವುದನ್ನು ಕೋರ್ಟು ನಿಲ್ಲಿಸಿದೆ, ಇಲ್ಲೂ ನಿಲ್ಲುತ್ತದೆ ಅನ್ನುತ್ತಾನೆ. ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಐದು ಪ್ರಶ್ನೆಗಳಿವೆ. ಮಗನ ಸೀಟಿಗೆ ಹೆಚ್ಚು ಸಂಬಂಧಪಟ್ಟದ್ದನ್ನು ಮಾತ್ರ ನೀವು ಕೇಳೇ ಇಲ್ಲ, ಸುಮ್ಮನೆ ಮಾಹಿತಿಗೆಂದು ಬರೆದಿದ್ದೀರಿ: ಆ ನಾಲ್ಕು ವರ್ಷದ ಇಚಲಕರಂಜಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ‘ಅಲ್ಪಸಂಖ್ಯಾತ’ ಎಂಬ ಪದವನ್ನು ಬಿಡಿಸೋಣ, ಏಕೆಂದರೆ ಪ್ರತಿವರ್ಷ ಮೇ ತಿಂಗಳು ಬಂತೆಂದರೆ ನನ್ನ ಮನೆಯ ಕಟ್ಟೆಯ ಮೇಲೆ ಕೂರುವ ಹತ್ತು ಮಂದಿ ಪಾಲಕರಲ್ಲಿ ಎಂಟು ಮಂದಿ ಇಲ್ಲೇ ಎಡವುತ್ತಾರೆ.

ಕೆಇಎ ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಸಿಇಟಿ ನಡೆಸಿ ಸೀಟು ಹಂಚುವುದು ಅದು. ಇಂಜಿನಿಯರಿಂಗ್‌ನ ಸರ್ಕಾರಿ ಕೋಟಾದ ಸೀಟು ಪಟ್ಟಿಯಲ್ಲಿ ‘ಅಲ್ಪಸಂಖ್ಯಾತ’ ಎಂಬ ಖಾನೆಯೇ ಇಲ್ಲ. ಇರುವ ಖಾನೆಗಳು ಪ್ರವರ್ಗಗಳವು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಉಳಿದದ್ದು ಜಿಎಂ, ಅಂದರೆ ಜನರಲ್ ಮೆರಿಟ್. ಜೈನರನ್ನು ಕೇಂದ್ರ ಸರ್ಕಾರ ಅಲ್ಪಸಂಖ್ಯಾತರೆಂದು ಘೋಷಿಸಿದ್ದು 2014ರ ಜನವರಿಯಲ್ಲಿ. ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿಗಳು ಅದಕ್ಕೆ ಎರಡು ದಶಕ ಮೊದಲೇ ಆ ಪಟ್ಟಿಯಲ್ಲಿದ್ದರು. ಆದರೆ ಆ ಘೋಷಣೆಯಿಂದ ಸಿಇಟಿಯಲ್ಲಿ ಒಂದು ಸೀಟೂ ಹುಟ್ಟಲಿಲ್ಲ. ನಿಮ್ಮ ಮಗನಿಗೆ ಸಿಗುವ ಮೀಸಲಾತಿ ಬೇರೆ ದಾರಿಯಿಂದ, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಿಂದ ಬಂದದ್ದು. ದಿಗಂಬರ ಜೈನರು ಅಲ್ಲಿ 3ಬಿಯಲ್ಲಿದ್ದಾರೆ. 2014ಕ್ಕೆ ಮುಂಚೆಯೂ ಅಲ್ಲೇ ಇದ್ದರು.

ನಿಮ್ಮೂರ ಮುಸ್ಲಿಂ ಹುಡುಗನಿಗೂ ಇದೇ ಮಾತು. ಅವನಿಗೆ ಸಿಗುವುದು 2ಬಿಯ ಶೇ. 4, ಅದೂ ಹಿಂದುಳಿದ ವರ್ಗವೆಂಬ ಲೆಕ್ಕದಲ್ಲಿ. ಅವನ ಮನೆತನ ನದಾಫ ಅಥವಾ ಪಿಂಜಾರರದ್ದಾದರೆ ಪ್ರವರ್ಗ 1ಕ್ಕೆ ಸೇರುತ್ತಾನೆ. ಅಲ್ಲಿ ಕೆನೆಪದರದ, ಅಂದರೆ ಆದಾಯ ಮಿತಿಯ ಕಾಟವೂ ಇಲ್ಲ. ಒಂದೇ ಮಸೀದಿಗೆ ಹೋಗುವ ಇಬ್ಬರು ಹುಡುಗರು ಕೆಇಎ ಕಂಪ್ಯೂಟರಿನಲ್ಲಿ ಎರಡು ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ. 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ 2ಬಿಯನ್ನೇ ತೆಗೆದು, ಆ ನಾಲ್ಕನ್ನು ಎರಡೆರಡಾಗಿ 2ಸಿ, 2ಡಿ ಎಂದು ಒಕ್ಕಲಿಗರಿಗೂ ಲಿಂಗಾಯತರಿಗೂ ಹಂಚಲು ಹೊರಟಿತ್ತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ ಜಾರಿಯಾಗಲಿಲ್ಲ. ಹಾಗಾಗಿ ಈಗಲೂ ಯಾರಾದರೂ ‘2ಡಿ ಸರ್ಟಿಫಿಕೇಟ್ ಮಾಡಿಸಬೇಕೇನ್ರಿ’ ಎಂದು ಕೇಳಿಕೊಂಡು ಬಂದರೆ ಚಹಾ ಕುಡಿಸಿ ಕಳಿಸುತ್ತೇನೆ.

ಈಗ 3ಬಿ ಎಂದರೆ ಕೈಗೆ ಎಷ್ಟು ಬಂದಂತಾಯಿತು ಎಂಬುದನ್ನು ಕೂತು ಲೆಕ್ಕ ಹಾಕೋಣ. ಶೇಕಡಾ ಎಂದಾಗ ದೊಡ್ಡದಾಗಿ ಕಾಣುತ್ತದೆ, ಎಣಿಸಿದಾಗ ಬೇರೆ.

ಒಂದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಒಂದು ಬ್ರಾಂಚ್, 60 ಸೀಟು ಎಂದಿಟ್ಟುಕೊಳ್ಳಿ. ಪರಿಶಿಷ್ಟ ಜಾತಿಗೆ ಶೇ. 17, ಪಂಗಡಕ್ಕೆ 7 (2022ರ ಕೊನೆಯವರೆಗೆ ಇವು 15 ಮತ್ತು 3 ಇದ್ದವು), ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಎಲ್ಲ ಕೂಡಿ 56. ಉಳಿದ 44 ಜಿಎಂ. ಅರವತ್ತರಲ್ಲಿ 3ಬಿಗೆ ಬರುವುದು ಮೂರು ಸೀಟು. ಅದೇ ಬ್ರಾಂಚ್ ಖಾಸಗಿ ಕಾಲೇಜಿನಲ್ಲಿದ್ದರೆ ಅರವತ್ತೂ ಕೆಇಎ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಶೇ. 45, ಅಂದರೆ 27. ಉಳಿದದ್ದು ಕಾಮೆಡ್‌ಕೆಗೆ (ಖಾಸಗಿ ಕಾಲೇಜುಗಳ ಒಕ್ಕೂಟ, ಅದರದ್ದೇ ಪ್ರವೇಶ ಪರೀಕ್ಷೆ) ಮತ್ತು ಆಡಳಿತ ಮಂಡಳಿಗೆ. ಇಪ್ಪತ್ತೇಳರ ಶೇ. 5 ಎಂದರೆ ಒಂದೂವರೆಗೂ ಕಡಿಮೆ. ನಿಮ್ಮ ಮಗ ಬಯಸುವ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ನಲ್ಲಿ 3ಬಿಗೆಂದು ಇಟ್ಟಿರುವುದು ಒಂದು ಕುರ್ಚಿ, ಹೆಚ್ಚೆಂದರೆ ಎರಡು.

ಆ ಕುರ್ಚಿಗೆ ಸಾಲಿನಲ್ಲಿ ಯಾರ‍್ಯಾರು? ಲಿಂಗಾಯತರು, ಮರಾಠರು, ದಿಗಂಬರ ಜೈನರು, ಕ್ರೈಸ್ತರು, ಕರಾವಳಿಯ ಬಂಟರು. ಬೆಳಗಾವಿ, ವಿಜಯಪುರ, ಬಾಗಲಕೋಟೆಯಲ್ಲಿ ಯಾವ ಊರಿನ ಸಂತೆಗೆ ಹೋದರೂ ಮೊದಲ ಎರಡು ಸಮುದಾಯದವರು ಎಷ್ಟು ಮಂದಿ ಇರುತ್ತಾರೆ ಎಂಬುದು ನಿಮಗೆ ಗೊತ್ತು. ಅದಕ್ಕೇ ನಮ್ಮ ಭಾಗದ ಕಾಲೇಜುಗಳಲ್ಲಿ 3ಬಿ ಕಟಾಫ್ ಜಿಎಂ ಕಟಾಫಿನ ಬೆನ್ನಿಗೇ ಅಂಟಿಕೊಂಡು ಬರುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಲಿಂಗಾಯತರೊಳಗಿನ ಪಂಚಮಸಾಲಿ ಸಮಾಜ 2ಎ ಬೇಕೆಂದು ಹಟ ಹಿಡಿದದ್ದು, 2024ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ ಲಾಠಿ ಬೀಸಿದ್ದು, ಇವೆಲ್ಲ ಈ ಸಾಲಿನ ಉದ್ದದ ಕತೆಯೇ. ಅವರ ಬೇಡಿಕೆ ಸರಿಯೋ ತಪ್ಪೋ ನಾನು ಇಲ್ಲಿ ಹೇಳುವುದಿಲ್ಲ. ಆದರೆ ಲಿಂಗಾಯತ ಓದುಗರಿಗೆ ಒಂದು ಮಾತು: ಮನೆತನ ಗಾಣಿಗರದ್ದೋ ಹಡಪದರದ್ದೋ ಆಗಿದ್ದೂ ಶಾಲೆಯಲ್ಲಿ ಬರೀ ‘ಲಿಂಗಾಯತ’ ಎಂದು ಬರೆಸಿದ್ದರೆ, 2ಎ ಬಾಗಿಲು ತೆರೆದಿದ್ದರೂ ನೀವು 3ಬಿ ಸಾಲಿನಲ್ಲಿ ನಿಂತಿರುತ್ತೀರಿ. ವಿಜಯಪುರ ಜಿಲ್ಲೆಯಲ್ಲಿ ಇಂಥ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಾತ ಗೌರವಕ್ಕೆಂದು ಬರೆಸಿದ ಒಂದು ಪದಕ್ಕೆ ಮೊಮ್ಮಗ ದಂಡ ಕಟ್ಟುತ್ತಾನೆ.

ನಿಮ್ಮ ಟಿಸಿಯದ್ದೂ ಅದೇ ಜಾತಿಯ ಸಮಸ್ಯೆ, ಸ್ವಲ್ಪ ಹಗುರ. ‘ಹಿಂದೂ ಜೈನ’ ಎಂದು ನಮ್ಮ ಹಳೆಯ ಶಾಲಾ ದಾಖಲೆಗಳಲ್ಲಿ ಸಾಲುಸಾಲಾಗಿ ಬರೆದಿರುತ್ತಾರೆ, ಮಾಸ್ತರರ ರೂಢಿ ಅದು. ಕೆಲವರದ್ದು ‘ಜೈನ ಚತುರ್ಥ’, ‘ಜೈನ ಪಂಚಮ’ ಎಂದೂ ಇರುತ್ತದೆ. 3ಬಿಗೆ ಬೇಕಾದ ಪದ ‘ದಿಗಂಬರ’. ಶ್ವೇತಾಂಬರರಿಗೆ ಈ ಪ್ರವರ್ಗವಿಲ್ಲ, ಹಾಗಾಗಿ ಬರೀ ‘ಜೈನ’ ಎಂದಿದ್ದಾಗ ಕಚೇರಿಯವರು ಯಾವ ಜೈನ ಎಂದು ಕೇಳುತ್ತಾರೆ, ಕೇಳಲೇಬೇಕು. ಟಿಸಿ ತಿದ್ದಿಸಲು ಓಡಬೇಡಿ. ಈ ವರ್ಷದೊಳಗೆ ಅದು ಮುಗಿಯುವ ಕೆಲಸವಲ್ಲ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರಿಗೆ ಅದು ನಮೂನೆ ‘ಎಫ್’. ನಿಮ್ಮ ಸ್ವಂತ ಶಾಲಾ ದಾಖಲೆ, ನಿಮ್ಮ ತಂದೆಯವರದ್ದು ಸಿಕ್ಕರೆ ಅದು, ಅಣ್ಣ ತಮ್ಮಂದಿರ ಮಕ್ಕಳಿಗೆ ಹಿಂದೆ ಕೊಟ್ಟ ಪ್ರಮಾಣಪತ್ರ, ಇವನ್ನು ಜೊತೆಗಿಡಿ. ತಲಾಟಿ ಮನೆಗೆ ಬಂದು ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ದಾಟಿದರೆ 3ಬಿ ಸಿಗುವುದಿಲ್ಲ, ಅದು ಕೆನೆಪದರ. ಪತ್ರ ಕೈಗೆ ಬಂದಾಗ ಅದರ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯಿರುತ್ತದೆ. ಸಿಇಟಿ ಅರ್ಜಿಯಲ್ಲಿ ತುಂಬಬೇಕಾದದ್ದು ಅದನ್ನೇ. ಅಲ್ಲಿ ಮಗನ ಹೆಸರು ಹತ್ತನೇ ಅಂಕಪಟ್ಟಿಯಲ್ಲಿದ್ದಂತೆಯೇ ಇರಲಿ. ಒಂದು ಕಡೆ ‘ಪಾಟೀಲ’, ಇನ್ನೊಂದು ಕಡೆ ‘ಪಾಟೀಲ್’ ಆಗಿ ಜೂನ್ ತಿಂಗಳಲ್ಲಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಈ ಪತ್ರಕ್ಕೆ ಐದು ವರ್ಷ ಆಯುಷ್ಯ. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ಮಾಡಿಸಿದ್ದಿದ್ದರೆ ತಾರೀಖು ನೋಡಿ.

ಜೈನ ಎಂದು ಬರೆದರೆ ಯಾರಾದರೂ ಹಿಂದೆ ಸರಿಸುತ್ತಾರೆಯೇ ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಇತ್ತು. ಸಿಇಟಿಯಲ್ಲಿ ಸಂದರ್ಶನವಿಲ್ಲ, ಪ್ರಬಂಧವಿಲ್ಲ, ಶಿಫಾರಸು ಪತ್ರವಿಲ್ಲ. ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಆಗುತ್ತದೆ. ಯಂತ್ರ ನೋಡುವುದು ರ‍್ಯಾಂಕು, ಪ್ರವರ್ಗದ ಸಂಕೇತ, ನೀವು ಕೊಟ್ಟ ಆಯ್ಕೆಯ ಕ್ರಮ, ಇಷ್ಟೇ. 3ಬಿ ಎಂದು ಹಾಕಿದರೆ ಜಿಎಂ ಸೀಟು ಕೈತಪ್ಪುತ್ತದೆ ಎಂಬುದೂ ಸುಳ್ಳು. ರ‍್ಯಾಂಕ್ ಮುಂದಿದ್ದರೆ ಜಿಎಂ ಸೀಟೇ ಸಿಗುತ್ತದೆ, ಸಿಗದಾಗ 3ಬಿ ಖಾನೆ ನೋಡುತ್ತಾರೆ. ಅರ್ಹತೆಗೂ ಸ್ವಲ್ಪ ಅನುಕೂಲವಿದೆ: ಪಿಯುದ ಮುಖ್ಯ ವಿಷಯಗಳಲ್ಲಿ ಜಿಎಂ ಮಕ್ಕಳಿಗೆ ಶೇ. 45 ಬೇಕು, ಪ್ರವರ್ಗದವರಿಗೆ 40 ಸಾಕು.

ಈಗ ಇಚಲಕರಂಜಿಗೆ ಬರೋಣ.

ನಮ್ಮ ಗಡಿಯ ಹಳ್ಳಿಗಳಲ್ಲಿ ಮಕ್ಕಳು ಮಾವನ ಮನೆಯಲ್ಲಿ ಬೆಳೆಯುವುದು ಹೊಸದೇನಲ್ಲ. ಹೊಲ ಇತ್ತ, ನೆಂಟಸ್ತನ ಅತ್ತ. ಆದರೆ ಸೀಟು ಹಂಚುವವರಿಗೆ ಗಡಿ ಎಂದರೆ ಗಡಿಯೇ. ಮೊದಲ ಪರೀಕ್ಷೆ, ನಿಮ್ಮ ಮಗ ಕರ್ನಾಟಕದ ಅಭ್ಯರ್ಥಿಯೇ ಎಂಬುದು. ಒಂದನೇ ತರಗತಿಯಿಂದ ದ್ವಿತೀಯ ಪಿಯು ವರೆಗೆ ಕನಿಷ್ಠ ಏಳು ವರ್ಷ ರಾಜ್ಯದ ಶಾಲೆ ಕಾಲೇಜಿನಲ್ಲಿ ಓದಿರಬೇಕು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸಾಗಿರಬೇಕು. ಅವನದ್ದು ಐದರಿಂದ ಹತ್ತರವರೆಗೆ ಆರು, ಪಿಯು ಎರಡು, ಒಟ್ಟು ಎಂಟು. ಪಾರಾದ.

ಎರಡನೆಯದು ನೋವಿನದು. ಪ್ರವರ್ಗದ ಒಳಗೇ ಇನ್ನೆರಡು ಅಡ್ಡ ಮೀಸಲಾತಿಗಳಿವೆ: ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5. ಕಟಾಫ್ ಪಟ್ಟಿಯಲ್ಲಿ 3ಬಿಜಿ, 3ಬಿಆರ್, 3ಬಿಕೆ ಎಂಬ ಸಂಕೇತಗಳನ್ನು ನೋಡಿರುತ್ತೀರಿ. ಜಿ ಅಂದರೆ ಈ ಎರಡೂ ಇಲ್ಲದ ಸಾಮಾನ್ಯ ಸಾಲು, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಬಹಳ ಸಲ ಒಬ್ಬ 3ಬಿ ಹುಡುಗನಿಗೂ ಇನ್ನೊಬ್ಬ 3ಬಿ ಹುಡುಗನಿಗೂ ನಡುವೆ ಸಾವಿರಗಟ್ಟಲೆ ರ‍್ಯಾಂಕಿನ ಅಂತರ ಬೀಳುವುದು ಈ ಒಂದಕ್ಷರದಿಂದ. ಆದರೆ ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರಾ ಹತ್ತು ವರ್ಷ ಬೇಕು, ಗ್ರಾಮೀಣಕ್ಕೆ ಕರ್ನಾಟಕದ ಹಳ್ಳಿಯಲ್ಲಿ, ಇನ್ನೊಂದಕ್ಕೆ ಕನ್ನಡದಲ್ಲಿ. ಇಚಲಕರಂಜಿಯ ನಾಲ್ಕು ವರ್ಷ ಎರಡನ್ನೂ ತಿಂದುಹಾಕಿತು. ಹಳ್ಳಿಯ ಹುಡುಗನೇ, ಕನ್ನಡ ಶಾಲೆಯ ಹುಡುಗನೇ, ಆದರೂ ಪತ್ರದ ಪ್ರಕಾರ ಎರಡೂ ಅಲ್ಲ.

ನಿಮ್ಮನ್ನು ದೂರುವ ಅರ್ಹತೆ ನನಗಿಲ್ಲ. ನನ್ನ ಅಣ್ಣನ ಮಗಳು ನಮ್ಮೂರ ಕನ್ನಡ ಶಾಲೆಯಲ್ಲಿ ಓದುತ್ತಿದ್ದಳು. ಗಣಿತ ಹಿಂದೆ ಬಿದ್ದಿದೆ ಎಂದು ಏಳನೇ ತರಗತಿಗೆ ನಾನೇ ಬೆಳಗಾವಿಗೆ ಕರೆದುಕೊಂಡು ಬಂದೆ. ಒಂದೇ ವರ್ಷ, ಮತ್ತೆ ಊರಿಗೆ ಹೋದಳು. ಗಣಿತ ಬಂತು. ಐದು ವರ್ಷ ಕಳೆದು ಸಿಇಟಿ ಅರ್ಜಿ ತುಂಬಲು ಕೂತಾಗ, ‘ಕಾಕಾ, ಇಲ್ಲಿ ಎಸ್ ಹಾಕ್ಲಿ, ನೋ ಹಾಕ್ಲಿ?’ ಎಂದು ಗ್ರಾಮೀಣದ ಖಾನೆ ತೋರಿಸಿ ಕೇಳಿದಳು. ಊರ ಮಂದಿಗೆಲ್ಲ ಸಲಹೆ ಹೇಳುವ ನನಗೆ ಆ ಖಾನೆಯ ಮುಂದೆ ಬಾಯಿ ಕಟ್ಟಿತು. ನೋ ಎಂದು ಹಾಕಿದಳು. ಸಿಕ್ಕಿದ್ದು ಅವಳು ಬಯಸಿದ ಬ್ರಾಂಚ್ ಅಲ್ಲ.

ಎಸ್ ಎಂದು ಹಾಕಿದರೇನಾಯಿತು, ಹೆಡ್‌ಮಾಸ್ತರರು ಪರಿಚಯದವರೇ, ಹತ್ತು ವರ್ಷ ಎಂದು ಬರೆದುಕೊಡುತ್ತಾರೆ ಎಂದು ಯಾರಾದರೂ ನಿಮಗೆ ಹೇಳಬಹುದು. ಬೇಡ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಅಲ್ಲದೆ ಈಗ ಮಕ್ಕಳ ಓದಿನ ದಾಖಲೆ ಸ್ಯಾಟ್ಸ್ ಎಂಬ ಶಿಕ್ಷಣ ಇಲಾಖೆಯ ಆನ್‌ಲೈನ್ ಸಂಖ್ಯೆಯ ಹಿಂದೆ ವರ್ಷವಾರು ಕೂತಿರುತ್ತದೆ. ನಿಮ್ಮ ಮಗನದ್ದು ಐದನೇ ತರಗತಿಯಿಂದ ಶುರುವಾಗಿರುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಸೀಟೇ ರದ್ದು.

ಇದೇ ಕನ್ನಡ ಮಾಧ್ಯಮದ ಮಾತಿನಲ್ಲಿ ಇನ್ನೊಂದು ಎಳೆಯಿದೆ. ಖಾನಾಪುರ, ನಿಪ್ಪಾಣಿ ಕಡೆ ಸರ್ಕಾರಿ ಮರಾಠಿ ಶಾಲೆಗಳಿವೆ, ವಿಜಯಪುರ ನಗರದಲ್ಲಿ ಉರ್ದು ಶಾಲೆಗಳಿವೆ. ಇಲ್ಲೇ ಹುಟ್ಟಿ, ಹತ್ತು ವರ್ಷ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಮಾತೃಭಾಷೆಯಲ್ಲಿ ಕಲಿತ ಮಗುವಿಗೂ ಆ ಶೇ. 5 ಸಿಗುವುದಿಲ್ಲ. ರಾಜ್ಯಭಾಷೆಗೆ ಕೊಟ್ಟ ಉತ್ತೇಜನ ಅದು, ನನಗೆ ತಕರಾರಿಲ್ಲ. ಆದರೆ ಪಿಯುಗೆ ಬಂದ ಕೂಡಲೇ ಇಂಗ್ಲಿಷ್ ಪುಸ್ತಕದ ಮುಂದೆ ಕನ್ನಡ ಶಾಲೆಯ ಹುಡುಗಿ ಬೆವರುವಂತೆಯೇ ಉರ್ದು ಶಾಲೆಯ ಹುಡುಗಿಯೂ ಬೆವರುತ್ತಾಳೆ ಎಂಬುದನ್ನು ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವನಾಗಿ ಹೇಳಬಲ್ಲೆ. ಹಳ್ಳಿಯ ಮರಾಠಿ ಶಾಲೆಯಾದರೆ ಗ್ರಾಮೀಣ ಮೀಸಲಾತಿಗೆ ಅಡ್ಡಿಯಿಲ್ಲ, ಅದು ಊರಿನ ಲೆಕ್ಕ, ಭಾಷೆಯದ್ದಲ್ಲ. ಇದು ಗೊತ್ತಿಲ್ಲದೆ ‘ನಾವು ಮರಾಠಿಯವರು, ನಮಗೇನೂ ಇಲ್ಲ’ ಎಂದು ಖಾನೆ ಖಾಲಿ ಬಿಟ್ಟ ಮನೆಗಳಿವೆ.

ಗಡಿ ಎಂಬುದು ಒಂದೇ ಜನವನ್ನು ಹೇಗೆ ಮೂರು ಮಾಡುತ್ತದೆ ಎಂಬುದಕ್ಕೆ ಲಂಬಾಣಿಗರಿಗಿಂತ ಉದಾಹರಣೆ ಬೇಡ. ನಮ್ಮಲ್ಲಿ ಅವರು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಬಸವನ ಬಾಗೇವಾಡಿ ಕಡೆಯ ತಾಂಡಾದ ಹುಡುಗಿಯೊಬ್ಬಳು ಒಮ್ಮೆ ನನ್ನ ಹತ್ತಿರ ಬಂದಿದ್ದಳು. ಅಪ್ಪ ಅವ್ವ ಕಬ್ಬು ಕಡಿಯಲು ಸಾಂಗಲಿ ಕಡೆ ಹೋಗಿದ್ದಾಗ ಹುಟ್ಟಿದವಳು, ಜನನ ಪ್ರಮಾಣಪತ್ರ ಅಲ್ಲಿನದು, ಎರಡು ವರ್ಷ ಶಾಲೆಯೂ ಅಲ್ಲೇ. ಪರಿಶಿಷ್ಟ ಜಾತಿ ಪತ್ರಕ್ಕೆ ತೊಂದರೆಯಾಗಲಿಲ್ಲ, ಮೂಲ ಊರು ಇಲ್ಲಿನದೇ ಆದ್ದರಿಂದ. ಗ್ರಾಮೀಣ ಮಾತ್ರ ಹೋಯಿತು. ಕಬ್ಬಿನ ಗಾಡಿಯ ಹಿಂದೆ ಹೋದ ಎರಡು ವರ್ಷವನ್ನು ಯಾವ ನಮೂನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಶಿಷ್ಟ ಜಾತಿಯ ಒಳಮೀಸಲಾತಿ ಬಗ್ಗೆ ಕೇಳುವವರಿಗೆ: 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ, 2025ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಲಂಬಾಣಿ, ಭೋವಿ, ಕೊರಮ, ಕೊರಚರು ಆ ಐದರಲ್ಲಿ, ಅಲೆಮಾರಿಗಳ ಜೊತೆ. ನೀವು ಅರ್ಜಿ ಹಾಕುವ ವರ್ಷದ ಕೆಇಎ ಮಾಹಿತಿ ಪುಸ್ತಕದಲ್ಲಿ ಹೇಗಿದೆಯೋ ಅದೇ ನಿಜ, ವಾಟ್ಸಾಪಿನಲ್ಲಿ ಬಂದದ್ದಲ್ಲ.

ಏಜೆಂಟನ ವಿಷಯ. ಅವನು ಹೇಳುವುದರಲ್ಲಿ ಚೂರು ನಿಜವಿದೆ, ಅದಕ್ಕೇ ಅಪಾಯಕಾರಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಧರ್ಮದಿಂದಲೂ ಆಗಬಹುದು, ಭಾಷೆಯಿಂದಲೂ ಆಗಬಹುದು. ಯಾರು ಅಲ್ಪಸಂಖ್ಯಾತರು ಎಂಬುದನ್ನು ದೇಶ ನೋಡಿ ಅಲ್ಲ, ರಾಜ್ಯ ನೋಡಿ ಲೆಕ್ಕ ಹಾಕಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್‌ನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪ್ರಕರಣ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ್ದು. ಹಾಗಾಗಿ ಕೊಲ್ಲಾಪುರದಲ್ಲಿ ಬಹುಸಂಖ್ಯಾತನಾದ ಮರಾಠಿಗ ಬೆಳಗಾವಿಯಲ್ಲಿ ಭಾಷಾ ಅಲ್ಪಸಂಖ್ಯಾತ. ಲಿಂಗಾಯತರು ಧಾರ್ಮಿಕ ಅಲ್ಪಸಂಖ್ಯಾತರ ಪಟ್ಟಿಯಲ್ಲಿಲ್ಲ. 2018ರಲ್ಲಿ ರಾಜ್ಯ ಶಿಫಾರಸು ಮಾಡಿತ್ತು, ಕೇಂದ್ರ ಒಪ್ಪಲಿಲ್ಲ.

ಇಂಥ ಕಾಲೇಜುಗಳು ತಮ್ಮ ಕೈಯಲ್ಲಿರುವ ಸೀಟುಗಳಲ್ಲಿ ಒಂದಷ್ಟನ್ನು ತಮ್ಮ ಸಮುದಾಯದ ಮಕ್ಕಳಿಗೆ ಇಡುತ್ತವೆ. ತಮ್ಮ ಸಮುದಾಯ ಎಂಬ ಪದಕ್ಕೆ ಗೆರೆ ಎಳೆದುಕೊಳ್ಳಿ. ವಿಜಯಪುರದ ಅಲ್-ಅಮೀನ್ ಮೆಡಿಕಲ್ ಕಾಲೇಜು ಮುಸ್ಲಿಂ ಅಲ್ಪಸಂಖ್ಯಾತ ಸಂಸ್ಥೆ. ಅಲ್ಲಿ ಆ ಪಾಲು ಮುಸ್ಲಿಂ ಮಕ್ಕಳಿಗೆ. ಜೈನನೂ ಅಲ್ಪಸಂಖ್ಯಾತನೇ ಎಂದು ಅಲ್ಲಿ ಹೋಗಿ ನಿಂತರೆ ನಡೆಯುವುದಿಲ್ಲ. ಕಾಲೇಜಿನ ಹೆಸರಿನಲ್ಲಿ ‘ಜೈನ’ ಎಂದಿದ್ದ ಮಾತ್ರಕ್ಕೂ ಅದು ಜೈನ ಅಲ್ಪಸಂಖ್ಯಾತ ಸಂಸ್ಥೆ ಎಂದಲ್ಲ, ಅದಕ್ಕೆ ಮಾನ್ಯತೆಯ ಆದೇಶವಿರಬೇಕು. ಆದ್ದರಿಂದ ಏಜೆಂಟನಿಗೆ ಎರಡೇ ಪ್ರಶ್ನೆ ಕೇಳಿ: ಯಾವ ಕಾಲೇಜು? ಯಾವ ಸಮುದಾಯದ ಅಲ್ಪಸಂಖ್ಯಾತ ಮಾನ್ಯತೆ? ಅವನು ಕೊಡಿಸುವುದು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಸೀಟು. ಅದು ನಿಮಗೆ ಯಾವ ಪ್ರಮಾಣಪತ್ರವೂ ಇಲ್ಲದೆ ದುಡ್ಡಿಗೆ ಸಿಗುತ್ತದೆ. ಅಲ್ಪಸಂಖ್ಯಾತರ ಪ್ರಮಾಣಪತ್ರವೋ, ಅದಕ್ಕೆ ಅರ್ಜಿ ಹಾಕುವುದೂ ಅದೇ ನಾಡಕಚೇರಿಯಲ್ಲೇ. ನೂರು ರೂಪಾಯಿಯೂ ಖರ್ಚಾಗದ ಕೆಲಸ.

ಹಾಗಾದರೆ ಆ ಪ್ರಮಾಣಪತ್ರ ದಂಡವೇ? ಅಲ್ಲ, ಮಾಡಿಸಿ. ಸೀಟು ಸಿಗುವಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ಸೀಟು ಸಿಕ್ಕ ಮೇಲೆ ಫೀ ಕಟ್ಟುವಲ್ಲಿ ಬರುತ್ತದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಸಿಇಟಿ, ನೀಟ್ ಮೂಲಕ ಸೀಟು ಪಡೆದ ಜೈನ ಮಕ್ಕಳಿಗೂ ಇದೆ. ರಾಜ್ಯದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅಲ್ಪಸಂಖ್ಯಾತರ ಇಲಾಖೆಯ ವಿದ್ಯಾರ್ಥಿವೇತನವಿದೆ, ಇಲಾಖೆಯ ಹಾಸ್ಟೆಲುಗಳಿವೆ. ಇದರ ಜೊತೆಗೆ, ಜಾತಿ ಧರ್ಮ ಕೇಳದ ಇನ್ನೊಂದು ಬಾಗಿಲು ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ): ಪ್ರತಿ ಬ್ರಾಂಚಿಗೂ ಹೆಚ್ಚುವರಿಯಾಗಿ ಶೇ. 5 ಸೀಟು, 8 ಲಕ್ಷದೊಳಗಿನ ಆದಾಯದವರಿಗೆ, ಬೋಧನಾ ಶುಲ್ಕ ಮಾಫಿ. ಅರ್ಜಿಯಲ್ಲಿ ಅದನ್ನು ಕೇಳುವ ಕಡೆ ಹೌದು ಎಂದು ಹಾಕುವುದನ್ನು ಮರೆಯಬೇಡಿ. ಮರೆಯುವವರು ಬಹಳ.

ಬೀಗರ ಹುಡುಗನ ಗುಟ್ಟು ಸಂವಿಧಾನದ 371ಜೆ ವಿಧಿ, ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು, 2013ರಿಂದ ಜಾರಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಅಲ್ಲಿನ ಕಾಲೇಜುಗಳಲ್ಲಿ ಶೇ. 70, ಉಳಿದ ರಾಜ್ಯದ ಕಾಲೇಜುಗಳಲ್ಲಿ ಶೇ. 8. ಬೆಳಗಾವಿಯಲ್ಲಿ ಅವನಿಗೆ ಸಿಕ್ಕಿದ್ದು ಆ ಎಂಟರಲ್ಲಿ. ಪಟ್ಟಿಯಲ್ಲಿ ಸಂಕೇತದ ಕೊನೆಗೆ ‘ಎಚ್’ ಇರುತ್ತದೆ, 3ಬಿಎಚ್ ಎಂಬಂತೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆ ಇದರಲ್ಲಿಲ್ಲ. ಅವು ಹೈದರಾಬಾದ್ ನಿಜಾಮರ ಕಡೆಯವಲ್ಲ, ಮುಂಬೈ ಪ್ರಾಂತ್ಯದವು. ಕಿತ್ತೂರು ಕರ್ನಾಟಕ ಎಂದು 2021ರಲ್ಲಿ ಹೆಸರು ಬಂತು, ಸೀಟು ಬರಲಿಲ್ಲ. ಸಿಂದಗಿಯಿಂದ ಜೇವರ್ಗಿಗೆ, ಇಂಡಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಮಣ್ಣೂ ಬದಲಾಗುವುದಿಲ್ಲ, ಬಡತನವೂ ಬದಲಾಗುವುದಿಲ್ಲ, ಜೋಳದ ರೊಟ್ಟಿಯೂ ಅದೇ. ರ‍್ಯಾಂಕು ಮಾತ್ರ ಬದಲಾಗುತ್ತದೆ. ಆ ಗಡಿಯ ಓದುಗರು, ಮಗು ಅಥವಾ ತಂದೆತಾಯಿ ಅತ್ತಲಿನ ಜಿಲ್ಲೆಯಲ್ಲಿ ಹುಟ್ಟಿದವರಾಗಿದ್ದರೆ, ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ರಾಜ್ಯದ ಹೊರಗಿನ ಲೆಕ್ಕವೇ ಬೇರೆ. ಮಗ ಜೆಇಇ ಬರೆಯುವವನಾದರೆ, ಸುರತ್ಕಲ್ಲಿನ ಎನ್‌ಐಟಿಗೋ ಧಾರವಾಡದ ಐಐಟಿಗೋ 3ಬಿ ಪತ್ರ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿ, ಅದು ಪ್ರತ್ಯೇಕ. ಇಲ್ಲಿ 2ಬಿಯಲ್ಲಿ ಹಾಯಾಗಿರುವ ಶೇಖ್, ಸಯ್ಯದ್, ಪಠಾಣ್ ಮನೆತನದವರು ಕೇಂದ್ರದ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಶೇ. 10 ಇದೆ, ಆದರೆ ಕುಟುಂಬಕ್ಕೆ ಐದು ಎಕರೆ ಅಥವಾ ಹೆಚ್ಚು ಜಮೀನಿದ್ದರೆ ಇಲ್ಲ. ನಿಮ್ಮದು ಏಳು. ನೀರಾವರಿ ಕಬ್ಬಿಗೂ ಇಂಡಿಯ ಒಣ ಬೇಸಾಯಕ್ಕೂ ಒಂದೇ ಐದೆಕರೆ! ಹನ್ನೆರಡು ಎಕರೆ ಇಟ್ಟುಕೊಂಡು ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ ಗುಳೆ ಹೋಗುವ ರೈತ ಈ ಲೆಕ್ಕದಲ್ಲಿ ಶ್ರೀಮಂತ. ಈ ನಿಯಮ ಬರೆದವರು ನಮ್ಮ ಕಡೆಯ ಎರೆಹೊಲ ನೋಡಿರಲಿಕ್ಕಿಲ್ಲ. ಇನ್ನು ಮೆಡಿಕಲ್ ಕೇಳುವವರು ಗಮನಿಸಿ, ಬೆಳಗಾವಿಯ ಜೆಎನ್‌ಎಂಸಿ, ವಿಜಯಪುರದ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿದವು. ಡೀಮ್ಡ್ ಸೀಟುಗಳು ಕೆಇಎಯಲ್ಲಲ್ಲ, ದೆಹಲಿಯ ಎಂಸಿಸಿ (ಕೇಂದ್ರದ ಮೆಡಿಕಲ್ ಸೀಟು ಹಂಚುವ ಸಮಿತಿ) ಕೌನ್ಸೆಲಿಂಗ್‌ನಲ್ಲಿ ಹೋಗುತ್ತವೆ. ಅಲ್ಲಿ 2ಎ, 3ಬಿ ಯಾವುದೂ ಇಲ್ಲ.

ಅಮೆರಿಕದ ಮಾತು. ನಿಮ್ಮ ಅಣ್ಣನ ಮಗ ಹೇಳಿದ ಅರ್ಧ ಸರಿ. 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಜನಾಂಗವನ್ನು ಪರಿಗಣಿಸಿ ಪ್ರವೇಶ ಕೊಡುವುದು ಸಂವಿಧಾನಬಾಹಿರ ಎಂದಿತು. ಆದರೆ ಅಲ್ಲಿ ಇಷ್ಟು ಸೀಟು ಇಂಥವರಿಗೆ ಎಂಬ ಎಣಿಕೆ 1978ರಿಂದಲೇ ಇರಲಿಲ್ಲ, ಬಕ್ಕೆ ಪ್ರಕರಣದಲ್ಲಿ ಅದನ್ನು ತೆಗೆದಿದ್ದರು. ಉಳಿದಿದ್ದದ್ದು, ಅಂಕ, ಪ್ರಬಂಧ, ಆಟ, ಸೇವೆ ಎಲ್ಲದರ ಜೊತೆ ಜನಾಂಗವನ್ನೂ ಒಂದು ಅಂಶವಾಗಿ ತೂಗುವ ಪದ್ಧತಿ. ಅದು ಹೋಯಿತು. ತಾನು ಬೆಳೆದ ಬಗೆ ತನ್ನ ಬದುಕನ್ನು ಹೇಗೆ ರೂಪಿಸಿತು ಎಂದು ಹುಡುಗ ಪ್ರಬಂಧದಲ್ಲಿ ಬರೆಯುವುದಕ್ಕೆ ಈಗಲೂ ತಡೆಯಿಲ್ಲ.

ನಮ್ಮದು ಇನ್ನೊಂದು ಗಿಡ. ಮದ್ರಾಸಿನ ಮೀಸಲಾತಿ ಆದೇಶವನ್ನು 1951ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿದಾಗ, ಅದೇ ವರ್ಷ ಮೊದಲ ತಿದ್ದುಪಡಿ ತಂದು 15(4)ನೇ ವಿಧಿ ಸೇರಿಸಿದರು. ಹಿಂದುಳಿದವರಿಗೆ ವಿಶೇಷ ಅವಕಾಶ ಸಂವಿಧಾನದ ಒಳಗೇ ಇದೆ. ನಮ್ಮ ಕೋರ್ಟುಗಳಲ್ಲಿ ಜಗಳ ನಡೆಯುವುದು ಮೀಸಲಾತಿ ಇರಬೇಕೋ ಬೇಡವೋ ಎಂದಲ್ಲ, ಎಷ್ಟು ಮತ್ತು ಯಾರಿಗೆ ಎಂದು. ಸುಪ್ರೀಂ ಕೋರ್ಟ್ 1992ರಲ್ಲಿ ಹಾಕಿದ ಶೇ. 50ರ ಮಿತಿಯನ್ನು ನಮ್ಮ ರಾಜ್ಯದ 56 ದಾಟಿರುವುದೇ ಈಗಿನ ತಕರಾರು. ಹೇಗೂ, ನಿಮ್ಮ ಮಗನ ಕೌನ್ಸೆಲಿಂಗ್ ಮುಗಿಯುವುದರೊಳಗೆ ವಾಷಿಂಗ್ಟನ್ನಿನ ತೀರ್ಪು ಚಿಕ್ಕೋಡಿಗೆ ಬರುವುದಿಲ್ಲ.

ಇನ್ನು ಮಾಡಬೇಕಾದದ್ದು. ಈ ವಾರ ನಾಡಕಚೇರಿಗೆ ಹೋಗಿ ನಮೂನೆ ‘ಎಫ್’ ಮತ್ತು ಅಲ್ಪಸಂಖ್ಯಾತರ ಪ್ರಮಾಣಪತ್ರ ಎರಡಕ್ಕೂ ಅರ್ಜಿ ಹಾಕಿ. ಇಚಲಕರಂಜಿ ಶಾಲೆಯಿಂದ ನಾಲ್ಕು ವರ್ಷದ ದಾಖಲೆ ತರಿಸಿಟ್ಟುಕೊಳ್ಳಿ, ಐದನೇ ತರಗತಿಗೆ ಸೇರಿಸಿದಾಗಿನ ಟಿಸಿ ಇಲ್ಲಿನ ಶಾಲೆಯ ಕಡತದಲ್ಲೇ ಇರಬೇಕು. ಅಲ್ಲಿನ ಜನ್ಮ ದಿನಾಂಕ, ಹೆಸರು, ಅಡ್ಡಹೆಸರು ಇಲ್ಲಿನದಕ್ಕೆ ಹೊಂದುತ್ತದೆಯೇ ನೋಡಿ. ಮರಾಠಿಯಲ್ಲಿ ಬರೆದ ಹೆಸರು ಕನ್ನಡಕ್ಕೆ ಬರುವಾಗ ಕಾಲು, ಕೊಂಬು ಬದಲಾಗಿರುತ್ತವೆ. ಆಯ್ಕೆ ತುಂಬುವಾಗ ಹಿಂದಿನ ಎರಡು ವರ್ಷದ ಕಟಾಫ್‌ನಲ್ಲಿ 3ಬಿಜಿ ಸಾಲನ್ನೇ ನೋಡಿ, 3ಬಿಆರ್ ನೋಡಿ ಆಸೆ ಇಟ್ಟುಕೊಳ್ಳಬೇಡಿ. ಬೆಳಗಾವಿಯೊಂದಕ್ಕೇ ಜೋತುಬೀಳದೆ ಬಾಗಲಕೋಟೆಯ ಬಸವೇಶ್ವರ, ವಿಜಯಪುರದ ಹಳಕಟ್ಟಿ ಕಾಲೇಜುಗಳನ್ನೂ ಪಟ್ಟಿಗೆ ಹಾಕಿ. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ. ಮೊದಲ ಸುತ್ತಿನ ಸೀಟು ಪರವಾಗಿಲ್ಲ ಎನಿಸಿದರೆ ಎರಡನೇ ಚಾಯ್ಸ್ ಹಾಕಿ, ಅಂದರೆ ಈ ಸೀಟು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಕೊಡಿ ಎಂದು. ನಾಲ್ಕನೆಯದನ್ನು ಅಪ್ಪಿತಪ್ಪಿಯೂ ಒತ್ತಬೇಡಿ, ಅದು ಸಾಲಿನಿಂದಲೇ ಹೊರಗೆ.

ಏಜೆಂಟನಿಗೆ ಮುಂಗಡ ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕೊಟ್ಟಿದ್ದರೆ ಆ ಎರಡು ಪ್ರಶ್ನೆಗಳನ್ನು ಫೋನಿನಲ್ಲಲ್ಲ, ಎದುರಿಗೆ ಕೂರಿಸಿಕೊಂಡು ಕೇಳಿ.